ಜೆಂಡರ್ ಅನ್ನೋ ಪದ ಡಾಕ್ಟರುಗಳ ಬಾಯಿಗೆ ಹೇಗೆ ಬಂತು?

ಮೊದ್ಲು ಅದು ಹೆಚ್ಚಾಗಿ ಗ್ರಾಮರ್ ಪುಸ್ತಕದ ಪದ, ನಮ್ಮ ಪುಲ್ಲಿಂಗ ಸ್ತ್ರೀಲಿಂಗ ಇದ್ದ ಹಾಗೆ. 1955ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಸೈಕಾಲಜಿಸ್ಟ್ ಜಾನ್ ಮನಿ, ಹುಟ್ಟಿದಾಗ ಗಂಡೋ ಹೆಣ್ಣೋ ಅಂತ ನೋಡಿ ಹೇಳೋಕಾಗದ ಇಂಟರ್‌ಸೆಕ್ಸ್ ಮಕ್ಕಳ ಬಗ್ಗೆ ಬರೀತಾ 'ಜೆಂಡರ್ ರೋಲ್' ಅಂತ ಬಳಸಿದ್ರು, ಅಂದ್ರೆ ತಾನು ಗಂಡು ಅಥವಾ ಹೆಣ್ಣು ಅಂತ ತೋರಿಸ್ಕೊಳ್ಳೋ ಹಾಗೆ ಒಬ್ರು ಮಾತಾಡೋ, ನಡ್ಕೊಳ್ಳೋ ರೀತಿ. ಅವರ ವಾದ ಏನಂದ್ರೆ ಬೆಳೆಸೋ ರೀತಿನೇ ಮುಖ್ಯ, ಎಳೇ ವಯಸ್ಸಲ್ಲೇ ಆಪರೇಷನ್ ಮಾಡಿ ಒಂದು ಕಡೆ ಸೇರಿಸಿಬಿಟ್ರೆ ಮಗು ಹೊಂದ್ಕೊಳ್ಳುತ್ತೆ ಅಂತ, ದಶಕಗಟ್ಟಲೆ ಎಷ್ಟೋ ಆಸ್ಪತ್ರೆಗಳು ಇದನ್ನೇ ಫಾಲೋ ಮಾಡಿದ್ವು, ಮಗುವನ್ನ ಯಾರು ಕೇಳ್ತಾರೆ ಹೇಳಿ!

ಅದು ತಲೆಕೆಳಗಾಗಿದ್ದು ಕೆನಡಾದ ಡೇವಿಡ್ ರೈಮರ್ ಕೇಸಲ್ಲಿ. 1965ರಲ್ಲಿ ಹುಟ್ಟಿದ ಅವಳಿ ಗಂಡುಮಕ್ಕಳಲ್ಲಿ ಒಬ್ಬ, ಸುನ್ನತಿ ಮಾಡುವಾಗ ಅಂಗ ಹಾಳಾಯ್ತು, ಮನಿ ಸಲಹೆ ಕೇಳಿ ಅಪ್ಪ ಅಮ್ಮ ಹೆಣ್ಣಾಗಿ ಬೆಳೆಸಿದ್ರು. ಮನಿ ಮಾತ್ರ ಇದು ಸಕ್ಸಸ್ ಅಂತಾನೇ ಬರೆದ್ರು, ಆದ್ರೆ ಆ ಹುಡುಗ ಹದಿಹರೆಯದಲ್ಲಿ ವಿಷಯ ತಿಳಿದ ಮೇಲೆ ಗಂಡಾಗಿಯೇ ಬದುಕಿದ, 1997ರಲ್ಲಿ ಸಂಶೋಧಕ ಮಿಲ್ಟನ್ ಡೈಮಂಡ್ ಮತ್ತೆ ಸೈಕಿಯಾಟ್ರಿಸ್ಟ್ ಕೀತ್ ಸಿಗ್ಮಂಡ್‌ಸನ್ ಅದನ್ನ ಬಯಲು ಮಾಡಿದ್ರು.

ನಮ್ಮಲ್ಲಿ 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, ಜೀವಕ್ಕೆ ಅಪಾಯ ಇಲ್ದಿದ್ರೆ ಇಂಟರ್‌ಸೆಕ್ಸ್ ಶಿಶುಗಳಿಗೆ ಇಂಥ ಆಪರೇಷನ್ ಮಾಡೋ ಹಾಗಿಲ್ಲ ಅಂತ ತಮಿಳುನಾಡು ಸರ್ಕಾರ ಆದೇಶ ಹೊರಡಿಸ್ತು.