ಹಲ್ ನಗರದ ಹೆದ್ದಾರಿಗೆ ಕ್ಲೈವ್ ಸಲಿವನ್ ಹೆಸರು ಯಾಕೆ?

ಮಗಳನ್ನು ಇಂಗ್ಲೆಂಡಿನ ಹಲ್ ಯೂನಿವರ್ಸಿಟಿಗೆ ಬಿಡಲು ಬಂದಾಗ ‘ಕ್ಲೈವ್ ಸಲಿವನ್ ವೇ’ ಅನ್ನೋ ಬೋರ್ಡು ನೋಡಿದಿರಿ. ಆತ ರಗ್ಬಿ ಆಟಗಾರ ಅಂತ ಗೊತ್ತಾಯಿತು. ಆಟಗಾರನೊಬ್ಬನ ಹೆಸರನ್ನು ಊರಿನ ಹೆಬ್ಬಾಗಿಲಿನಂಥ ರಸ್ತೆಗೆ ಯಾಕಿಟ್ಟರು ಅಂತ ಕೇಳಿದ್ದೀರಿ. ನಾನು ದಿನಾ ಕೆಲಸಕ್ಕೆ ಹೋಗೋದೇ ಆ ರಸ್ತೆಯಲ್ಲಿ. ಬಂದ ಹೊಸತರಲ್ಲಿ ನನಗೂ ಇದೇ ಪ್ರಶ್ನೆ ಎದ್ದಿತ್ತು.

ಮೊದಲು ಹಲ್ ಊರಿನ ಜಗಳ ಗೊತ್ತಿರಬೇಕು. ಊರ ನಡುವೆ ಹಲ್ ನದಿ ಹರಿಯುತ್ತೆ. ಊರಿಗೆ ಎರಡು ರಗ್ಬಿ ತಂಡ. ಪಶ್ಚಿಮದ ದಡದವರು ಹಲ್ ಎಫ್‌ಸಿ, ಕಪ್ಪು-ಬಿಳಿ ಜೆರ್ಸಿ. ಪೂರ್ವದವರು ಹಲ್ ಕೆಆರ್, ಕೆಂಪು-ಬಿಳಿ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹಿರಿಯರು ಒಬ್ಬೊಬ್ಬರು ಒಂದೊಂದು ದಡದವರು. ಈ ಎರಡು ತಂಡ ಎದುರಾಗುವ ಡರ್ಬಿ ಮ್ಯಾಚಿನ ವಾರ ಒಬ್ಬರ ಮುಖ ಇನ್ನೊಬ್ಬರು ನೋಡೋದಿಲ್ಲ. ಸಲಿವನ್ ಹೆಸರೆತ್ತಿದರೆ ಮಾತ್ರ ಇಬ್ಬರ ಬಾಯಲ್ಲೂ ‘ನಮ್ಮ ಕ್ಲೈವ್’. ಯಾಕೆಂದರೆ ಸಲಿವನ್ ಹಲ್ ಎಫ್‌ಸಿಗೆ 250 ಟ್ರೈ, ಹಲ್ ಕೆಆರ್‌ಗೆ 118 ಟ್ರೈ ಗಳಿಸಿದವರು.

ಟ್ರೈ ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಊರುವುದು. ಸಲಿವನ್ ಆಡಿದ್ದು ರಗ್ಬಿಯ ಒಂದು ಬಗೆಯಾದ ರಗ್ಬಿ ಲೀಗ್, ಅದೂ ವಿಂಗರ್ ಆಗಿ. ಅದರಲ್ಲಿ ತಂಡಕ್ಕೆ ಹದಿಮೂರು ಜನ, ವಿಂಗರ್ ತೀರಾ ಅಂಚಿನಲ್ಲಿ ನಿಲ್ಲುವವನು. ನಡುವಿನವರು ಗುದ್ದಾಡಿ ದಾರಿ ಮಾಡುತ್ತಾರೆ, ಚೆಂಡು ಕೈಯಿಂದ ಕೈಗೆ ಬಂದು ಕೊನೆಗೆ ಇವನಿಗೆ ತಲುಪುತ್ತೆ. ಆಗ ಇವನಿಗಿರೋದು ಗೆರೆಯ ಪಕ್ಕದ ಎರಡು-ಮೂರು ಗಜ ಜಾಗ, ಮತ್ತೆ ಕಾಲಿನ ವೇಗ.

ಆ ಕಾಲುಗಳ ಕಥೆ ಕೇಳಿ. ಸಲಿವನ್ 1943ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಕಾಲಿಗೆ, ಭುಜಕ್ಕೆ ಮೇಲಿಂದ ಮೇಲೆ ಆಪರೇಷನ್. ಈ ಹುಡುಗ ಸರಿಯಾಗಿ ನಡೆಯೋದೂ ಕಷ್ಟ ಅಂದಿದ್ದರು ಡಾಕ್ಟರು. ಮುಂದೆ ಸೇನೆ ಸೇರಿದಾಗ, ವೇಲ್ಸ್‌ನವನು ಅಂದಮೇಲೆ ರಗ್ಬಿ ಬಂದೇ ಬರುತ್ತೆ ಅಂದುಕೊಂಡು ತಂಡಕ್ಕೆ ಹಾಕಿಬಿಟ್ಟರು. ಓಡಿದ್ದು ನೋಡಿ ಎಲ್ಲರಿಗೂ ಆಶ್ಚರ್ಯ. 1961ರಲ್ಲಿ ಹಲ್ ಎಫ್‌ಸಿ ಪರ ಹೆಸರು ಮರೆಮಾಚಿ ಪರೀಕ್ಷೆಯ ಆಟ ಆಡಿದರು, ಮೊದಲ ಪಂದ್ಯದಲ್ಲೇ ಮೂರು ಟ್ರೈ.

1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾದರು. ಬ್ರಿಟನ್ನಿನ ರಾಷ್ಟ್ರೀಯ ತಂಡವೊಂದಕ್ಕೆ ಕಪ್ಪುವರ್ಣದವರೊಬ್ಬರು ನಾಯಕರಾಗಿದ್ದು ಅದೇ ಮೊದಲು. ಅದೇ ವರ್ಷ ಫ್ರಾನ್ಸಿನ ಲಿಯಾನ್‌ನಲ್ಲಿ ವಿಶ್ವಕಪ್ ಫೈನಲ್, ಎದುರಿಗೆ ಆಸ್ಟ್ರೇಲಿಯಾ. ಆ ಪಂದ್ಯದ ಹಳೇ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ. ತಮ್ಮದೇ ಅರ್ಧದಲ್ಲಿ ಚೆಂಡು ಸಿಕ್ಕಿತು, ಎಂಬತ್ತು ಗಜದಷ್ಟು ದೂರ ಓಡಿದರು, ಬೆನ್ನಟ್ಟಿದವರ ಕೈಗೆ ಸಿಗಲೇ ಇಲ್ಲ. ಹೆಚ್ಚುವರಿ ಸಮಯ ಮುಗಿದರೂ 10-10. ಲೀಗ್ ಹಂತದ ಸಾಧನೆ ಮೇಲಿದ್ದ ಕಾರಣ ಕಪ್ ಬ್ರಿಟನ್ನಿಗೆ ಬಂತು. ಆ ಟೂರ್ನಿಯ ನಾಲ್ಕೂ ಪಂದ್ಯಗಳಲ್ಲಿ ಸಲಿವನ್ ಟ್ರೈ ಗಳಿಸಿದ್ದರು. ಅದಾದ ಮೇಲೆ ಬ್ರಿಟನ್ನಿನ ಪುರುಷರ ಕೈಗೆ ಆ ಕಪ್ ಇನ್ನೂ ಬಂದಿಲ್ಲ.

ಆದರೆ ನನಗೆ ದೊಡ್ಡದು ಅನ್ನಿಸೋದು ಅದರ ನಂತರದ್ದು. ವಿಂಗರ್ ಅನ್ನ ತಿನ್ನೋದೇ ವೇಗದಿಂದ, ಮೂವತ್ತು ದಾಟಿದ ಮೇಲೆ ಅದು ಇಳಿಯುತ್ತೆ. ಸಲಿವನ್ 1974ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ ನದಿ ದಾಟಿ ಹಲ್ ಕೆಆರ್ ಸೇರಿದರು. ಆ 118 ಟ್ರೈ ಎಲ್ಲಾ ಅಲ್ಲಿಂದಾಚೆಗಿನದು. ವೈರಿ ತಂಡಕ್ಕೆ ಹೋದವರನ್ನು ಈ ಊರು ಸುಮ್ಮನೆ ಬಿಡೋದಿಲ್ಲ, ಇವರನ್ನು ಮಾತ್ರ ಎರಡೂ ಕಡೆಯವರು ಇಟ್ಟುಕೊಂಡರು.

ರಗ್ಬಿ ಲೀಗ್‌ನ ದೊಡ್ಡ ನಾಕೌಟ್ ಟೂರ್ನಿಯಾದ ಚಾಲೆಂಜ್ ಕಪ್‌ನ 1980ರ ಫೈನಲ್ ಲಂಡನ್ನಿನ ವೆಂಬ್ಲಿಯಲ್ಲಿ ಈ ಎರಡೇ ತಂಡಗಳ ನಡುವೆ ನಡೆಯಿತು. ಊರಿಗೆ ಊರೇ ಲಂಡನ್ನಿಗೆ ಹೊರಟಿತ್ತು. ‘ಕೊನೆಗೆ ಹೊರಡುವವರು ಲೈಟ್ ಆರಿಸಿ’ ಅಂತ ಯಾರೋ ಊರಿಂದಾಚೆ ಹೋಗುವ ರಸ್ತೆಯಲ್ಲಿ ಬೋರ್ಡು ಹಾಕಿದ್ದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಹಲ್ ಕೆಆರ್ 10-5ರಿಂದ ಗೆದ್ದಿತು, ಸಲಿವನ್ ಕೆಂಪು-ಬಿಳಿಯಲ್ಲಿದ್ದರು. ಎರಡು ವರ್ಷದ ನಂತರ ವಾಪಸು ಹಲ್ ಎಫ್‌ಸಿಯಲ್ಲಿದ್ದಾಗ, ವಿಡ್ನೆಸ್ ತಂಡದ ವಿರುದ್ಧ ಡ್ರಾ ಆದ ಅದೇ ಕಪ್‌ನ ಫೈನಲ್ ಅನ್ನು ಲೀಡ್ಸ್‌ನಲ್ಲಿ ಮತ್ತೆ ಆಡಿಸಬೇಕಾಯಿತು. ಮೂವತ್ತೊಂಬತ್ತರ ಸಲಿವನ್ ಕಣಕ್ಕಿಳಿದರು, ಆ ಕಪ್ಪನ್ನೂ ಗೆದ್ದರು.

1985ರ ಅಕ್ಟೋಬರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಬರೀ ನಲವತ್ತೆರಡು ವರ್ಷ. ಎ63 ಹೆದ್ದಾರಿ ಪಶ್ಚಿಮದಿಂದ ಊರೊಳಗೆ ಬರುವ ಭಾಗಕ್ಕೆ ಹಲ್ ನಗರ ಸಲಿವನ್ ಹೆಸರಿಟ್ಟಿತು. ಹುಟ್ಟಿದ ಕಾರ್ಡಿಫ್‌ನಲ್ಲಿ ಪ್ರತಿಮೆ ನಿಂತಿದ್ದು 2023ರಲ್ಲಿ, ಅದೇ ಊರಿನ ರಗ್ಬಿ ಲೀಗ್ ಆಟಗಾರರಾದ ಬಿಲ್ಲಿ ಬಾಸ್ಟನ್ ಮತ್ತು ಗಸ್ ರಿಸ್ಮನ್ ಜೊತೆಗೆ. ಮಗ ಆಂಥೊನಿ ಕೂಡ ವಿಂಗರ್ ಆಗಿ ವೇಲ್ಸ್ ಪರ ಆಡಿದರು.

ಮತ್ತೆ ಮಗಳನ್ನು ನೋಡಲು ಬಂದಾಗ ಬೆಳಗ್ಗೆ ಇಲ್ಲಿನ ರೇಡಿಯೊ ಹಾಕಿ. ‘ಕ್ಲೈವ್ ಸಲಿವನ್ ವೇನಲ್ಲಿ ವಾಹನಗಳು ನಿಧಾನ’ ಅಂತ ಟ್ರಾಫಿಕ್ ಸುದ್ದಿ ಬಂದೀತು. ನನ್ನ ಪೂರ್ವ ದಡದ ಹಿರಿಯರು ಅದನ್ನು ಕೇಳಿದಾಗಲೆಲ್ಲ ತಲೆ ಆಡಿಸುತ್ತಾರೆ: ‘ಕ್ಲೈವ್ ಯಾವತ್ತೂ ನಿಧಾನ ಇರಲಿಲ್ಲಪ್ಪ.’