ನಿಮ್ಮ ಫ್ಲೈಟ್ ಎಂಜಿನಿಯರ್ ಕೈಗೆ ಕೆಲಸ ಕೊಡಿ

ನಮಸ್ಕಾರ.

ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಲ್ಯಾಂಕಾಸ್ಟರ್ ಬಾಂಬರ್‌ನ ಫ್ಲೈಟ್ ಎಂಜಿನಿಯರ್ (ಹಾರಾಟದಲ್ಲಿ ಎಂಜಿನ್, ಪೆಟ್ರೋಲ್ ನೋಡಿಕೊಳ್ಳುವವನು) ಕುರಿತ ನಿಮ್ಮ ನೀಳ್ಗತೆಯನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಸಂಜೆಗತ್ತಲಿನ ರನ್‌ವೇ ಕಣ್ಣಿಗೆ ಕಟ್ಟುತ್ತದೆ. ಆದರೆ ಆರನೇ ಪುಟ ಓದಿ ಸಿಟ್ಟು ಬಂತು. ಆ ಪುಟದ ಬಗ್ಗೆಯೇ ಬರೆಯುತ್ತೇನೆ.

‘ಎಡಗಡೆಯ ಹೊರ ಎಂಜಿನ್ ಹೊತ್ತಿಕೊಂಡಿತು. ಅವನು ಸ್ಪ್ಯಾನರ್ ಹಿಡಿದು ಓಡಿದ.’ ಎಲ್ಲಿಗೆ ಓಡಿದ? ಎಂಜಿನ್ ಇರುವುದು ರೆಕ್ಕೆಯಲ್ಲಿ, ವಿಮಾನದ ಒಳಗಿನಿಂದ ಅದು ಕೈಗೆ ಸಿಗುವುದಿಲ್ಲ. 1944ರ ಏಪ್ರಿಲ್‌ನಲ್ಲಿ ಜರ್ಮನಿಯ ಶ್ವೈನ್‌ಫರ್ಟ್ ಮೇಲಿನ ದಾಳಿಯಲ್ಲಿ ಫ್ಲೈಟ್ ಎಂಜಿನಿಯರ್ ನಾರ್ಮನ್ ಜಾಕ್ಸನ್ ಬೆಂಕಿ ಆರಿಸುವ ಸಿಲಿಂಡರನ್ನು ಜಾಕೆಟ್‌ಗೆ ತುರುಕಿಕೊಂಡು ರೆಕ್ಕೆಗೆ ಇಳಿದದ್ದು ನಿಜ. ಸಿಲಿಂಡರ್ ಗಾಳಿಗೆ ಹಾರಿಹೋಯಿತು. ಅವರು ಸುಟ್ಟ ಪ್ಯಾರಾಚೂಟಿನೊಡನೆ ನೆಲಕ್ಕೆ ಬಿದ್ದು, ಬದುಕಿ, ಸೆರೆ ಸಿಕ್ಕರು. ಅದಕ್ಕೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ದಿನನಿತ್ಯದ ಕೆಲಸಕ್ಕೆ ಆ ಪದಕ ಕೊಡುವುದಿಲ್ಲ.

ದಿನನಿತ್ಯದ ಕೆಲಸ ಪೈಲಟ್‌ನ ಬಲಕ್ಕಿರುವ ಮಡಚುವ ಸೀಟಿನಲ್ಲಿ ನಡೆಯುತ್ತಿತ್ತು. ಬೆಂಕಿ ಕಂಡ ಎಂಜಿನ್‌ನ ಥ್ರಾಟಲ್ ಮುಚ್ಚಬೇಕು, ಪ್ರೊಪೆಲರ್ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸುವ ಫೆದರಿಂಗ್ ಗುಂಡಿ ಒತ್ತಬೇಕು. ಗುಂಡಿ ತಾನಾಗಿ ಒಳಗೆ ನಿಂತ ಕೂಡಲೇ ಬೆರಳು ತೆಗೆಯಬೇಕು. ಒತ್ತಿಯೇ ಹಿಡಿದರೆ, ಗಾಳಿಗೆ ಅಂಚುಕೊಟ್ಟು ನಿಂತ ಪ್ರೊಪೆಲರ್ ಅಲಗುಗಳು ಮತ್ತೆ ತಿರುಗಿಕೊಂಡು ಎಂಜಿನ್ನನ್ನು ಸುತ್ತಿಸತೊಡಗುತ್ತವೆ. ಪೆಟ್ರೋಲ್ ಕಾಕ್ (ನಲ್ಲಿ) ತಕ್ಷಣ ಬಂದ್. ಎಂಜಿನ್ ನಿಂತ ಮೇಲೆ ಇಗ್ನಿಷನ್ ಆಫ್. ಆಮೇಲೆ ಬೆಂಕಿ ಆರಿಸುವ ಗುಂಡಿ. ನಾನು ಕಥೆ ತಿದ್ದುವ ಕೆಲಸ ಕಲಿಯುವಾಗ ಹಿರಿಯರೊಬ್ಬರು ಹಸ್ತಪ್ರತಿಯ ಅಂಚಿನಲ್ಲಿ ‘ಯಾವ ಕೈಯಿಂದ?’ ಎಂದು ಬರೆಯುತ್ತಿದ್ದರು. ನಿಮ್ಮ ಪುಟದ ಅಂಚಿನಲ್ಲಿ ನಾನೂ ಅದನ್ನೇ ಬರೆದಿದ್ದೇನೆ.

ಮುಂದಿನ ಸಾಲು: ‘ಹಿಂದಿನ ಗನ್ನರ್ ಟರೆಟ್ಟನ್ನು ಗಿರ್ರನೆ ತಿರುಗಿಸಿ ಗುಂಡು ಸುರಿಸಿದ.’ ಸಾಧ್ಯವಿಲ್ಲ. ಹಿಂದಿನ ಟರೆಟ್‌ಗೆ, ಅಂದರೆ ಬಂದೂಕುಗಳಿರುವ ತಿರುಗುವ ಗೂಡಿಗೆ, ಹೈಡ್ರಾಲಿಕ್ (ಎಣ್ಣೆಯ) ಒತ್ತಡ ಬರುವುದೇ ಎಡಗಡೆಯ ಹೊರ ಎಂಜಿನ್‌ನ ಪಂಪ್‌ನಿಂದ. ನೀವು ಅದನ್ನು ಈಗಷ್ಟೇ ನಿಲ್ಲಿಸಿದ್ದೀರಿ. ಇನ್ನು ಆ ಗನ್ನರ್ ಹಿಡಿಕೆ ಸುತ್ತಿ ಕೈಯಿಂದಲೇ ಟರೆಟ್ ತಿರುಗಿಸಬೇಕು. ಗುಂಡಿ ಒತ್ತುವಾಗ ನಿಮ್ಮ ನಾಯಕನಿಗೆ ಇದು ಗೊತ್ತಿತ್ತು. ಇಡೀ ಕಥೆಯ ಸಂಕಟ ಇಲ್ಲಿತ್ತು, ನೀವು ಅದನ್ನು ದಾಟಿ ಹೋಗಿದ್ದೀರಿ.

‘ಪೆಟ್ರೋಲ್ ಮುಳ್ಳು ಸೊನ್ನೆಗೆ ಇಳಿಯುತ್ತಿತ್ತು.’ ಯಾವ ಮುಳ್ಳು? ಟ್ಯಾಂಕ್‌ಗಳು ಆರು. ಒಂದೊಂದು ರೆಕ್ಕೆಯಲ್ಲಿ 580, 383, 114 ಗ್ಯಾಲನ್, ಒಟ್ಟು 2,154. ಗಂಟೆಗೆ ಸುಮಾರು 200 ಗ್ಯಾಲನ್ ಖರ್ಚು. ಫ್ಲೈಟ್ ಎಂಜಿನಿಯರ್ ಮುಳ್ಳನ್ನಷ್ಟೇ ನಂಬುತ್ತಿರಲಿಲ್ಲ. ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು), ಬೂಸ್ಟ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ) ನೋಡಿ ಲೆಕ್ಕ ಹಾಕಿ ಲಾಗ್‌ನಲ್ಲಿ ಬರೆಯುತ್ತಿದ್ದ. ಟ್ಯಾಂಕ್‌ಗೆ ತೂತು ಬಿದ್ದರೆ, ಸೋರಿಹೋಗುವ ಮೊದಲು ಅದರ ಪೆಟ್ರೋಲನ್ನೇ ಉರಿಸಬೇಕು. ಎಡಗಡೆಯ ಒಂದು ಎಂಜಿನ್ ನಿಂತಿದೆಯಲ್ಲ, ಆ ಕಡೆಯ ಟ್ಯಾಂಕ್‌ಗಳಲ್ಲಿ ಉಳಿಯುವ ಪೆಟ್ರೋಲನ್ನು ಎರಡೂ ಕಡೆಯನ್ನು ಜೋಡಿಸುವ ಕ್ರಾಸ್‌ಫೀಡ್ ಕಾಕ್ ತೆರೆದು ಬಲಗಡೆಯ ಎಂಜಿನ್‌ಗಳಿಗೆ ಕೊಡಬೇಕು. ಮರೆತರೆ ಒಂದು ರೆಕ್ಕೆ ಭಾರ, ಇನ್ನೊಂದು ಖಾಲಿ. ಮನೆ ತಲುಪುವ ಪೆಟ್ರೋಲ್ ಇದ್ದೂ ಕೈಗೆ ಸಿಗದೆ ಉತ್ತರ ಸಮುದ್ರದಲ್ಲಿ ಇಳಿಯಬೇಕಾದೀತು. ‘ಅವನ ಎದೆ ಡವಡವ ಎಂದಿತು’ ಎಂದು ನೀವು ಮೂರು ಸಲ ಬರೆದಿದ್ದೀರಿ. ಮೂರನ್ನೂ ತೆಗೆದು ಈ ಲೆಕ್ಕವನ್ನು ಹಾಕಿ.

ಕೊನೆಯ ಸಾಲು: ‘ಯುದ್ಧ ಮುಗಿದ ಮೇಲೆ ಅವನು ದೊಡ್ಡ ಎಂಜಿನಿಯರ್ ಆದ.’ ಎದೆಯ ಮೇಲೆ ‘ಇ’ ಅಕ್ಷರದ ಒಂಟಿ ರೆಕ್ಕೆಯ ಬ್ಯಾಡ್ಜ್ ಇತ್ತು, ನಿಜ. ಅದು ವೇಲ್ಸ್‌ನ ಸೇಂಟ್ ಅಥನ್ ತರಬೇತಿ ಶಾಲೆಯ ಗಳಿಕೆ, ಪದವಿಯಲ್ಲ. ಹಗಲು ಕಾರ್ಖಾನೆ, ರಾತ್ರಿ ಟೆಕ್ನಿಕಲ್ ಕಾಲೇಜಿನ ತರಗತಿ, ಹೈಯರ್ ನ್ಯಾಷನಲ್ ಸರ್ಟಿಫಿಕೇಟ್ ಎಂಬ ತಾಂತ್ರಿಕ ಅರ್ಹತೆ: ಅವನಂಥವರಿಗೆ ತೆರೆದಿದ್ದ ದಾರಿ ಇದು. ಲ್ಯಾಂಕಾಸ್ಟರ್‌ನ ನಾಲ್ಕು ಮರ್ಲಿನ್ ಎಂಜಿನ್‌ಗಳನ್ನು ಸಂಭಾಳಿಸಿದವನು ಸಂಜೆ ಬೆಂಚಿನ ಮೇಲೆ ಹುಡುಗರ ಜೊತೆ ಕೂತು ಗಣಿತ ಕಲಿಯುವ ದೃಶ್ಯಕ್ಕೆ ಎರಡು ಪುಟವಾದರೂ ಬೇಕು.

ಆರನೇ ಪುಟ ಮತ್ತು ಕೊನೆಯ ಭಾಗವನ್ನಷ್ಟೇ ತಿದ್ದಿ ಕಳಿಸಿ. ಉಳಿದದ್ದನ್ನು ಈಗ ಮುಟ್ಟಬೇಡಿ.