ಆ ಕಾಲೇಜು ಮಕ್ಕಳನ್ನು ಮತ್ತೆ ಕರೆಯಿರಿ

ಹಾವೇರಿ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ಅವರ ಊರಲ್ಲಿ ಎನ್‌ಎಸ್‌ಎಸ್ (ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ ನಡೆಯಿತು. ಕಾಲೇಜು ಹುಡುಗ ಹುಡುಗಿಯರು ಶಾಲೆಗೆ ಬಂದು ಕೈ ತೊಳೆಯುವುದು, ರಕ್ತಹೀನತೆ, ಮುಟ್ಟಿನ ದಿನಗಳ ಸ್ವಚ್ಛತೆ ಎಲ್ಲ ಹೇಳಿಕೊಟ್ಟರು. ಆಮೇಲೆ ಕೆಲವು ಪೋಷಕರು ‘ಇದನ್ನೆಲ್ಲ ಹೇಳೋಕೆ ಇವರ್ಯಾರು, ಇವರೇ ಇನ್ನೂ ಮಕ್ಕಳು’ ಎಂದು ತಕರಾರು ತೆಗೆದರಂತೆ. ಮುಂದಿನ ವರ್ಷ ಕರೆಯಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ.

ಮೇಡಂ, ಖಂಡಿತ ಕರೆಯಿರಿ.

ಪಾಠ ಮುಗಿದ ಮೇಲೂ ಒಂಬತ್ತನೇ ಕ್ಲಾಸಿನ ಹುಡುಗಿಯರು ಆ ಅಕ್ಕಂದಿರನ್ನು ಬಿಡಲೇ ಇಲ್ಲ ಎಂದು ನೀವೇ ಬರೆದಿದ್ದೀರಿ. ಟೀಚರ್ ಹತ್ತಿರ ನಾಚಿಕೆ, ಮನೆಯಲ್ಲಿ ಭಯ. ನಾಲ್ಕೈದು ವರ್ಷ ದೊಡ್ಡವಳಾದ ಅಕ್ಕನ ಹತ್ತಿರ ಎರಡೂ ಇಲ್ಲ. ಮುಟ್ಟಿನ ಬಟ್ಟೆಯನ್ನು ಕತ್ತಲ ಮೂಲೆಯಲ್ಲಿ ಬಚ್ಚಿಡಬೇಡಿ, ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿ ಎಂಬ ಮಾತು ಅವಳ ಬಾಯಲ್ಲಿ ಬಂದರೆ ಮನಸ್ಸಿಗೆ ಇಳಿಯುತ್ತದೆ.

ನೀಲಿ ಮಾತ್ರೆಯದ್ದೂ ಇದೇ ಕಥೆ. ರಕ್ತಹೀನತೆ ತಡೆಯಲು ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಷ್ಟೋ ಮಕ್ಕಳು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಹೆದರಿಕೆ. ಬಿಸಿಯೂಟ ಮಾಡಿದ ಮೇಲೆ ನುಂಗು, ತಕ್ಷಣ ಟೀ ಕುಡಿಯಬೇಡ, ಕಪ್ಪಾದರೆ ಗಾಬರಿ ಬೇಡ ಎಂದು ಹೇಳುವವರು ಬೇಕು. ಬರಿಗಾಲಲ್ಲಿ ಬಯಲಿಗೆ ಹೋದರೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಸೇರಿ ರಕ್ತ ಹೀರುತ್ತದೆ ಎಂದೂ ಹೇಳಬೇಕು. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಗೂ ಚಪ್ಪಲಿಗೂ ಏನು ಸಂಬಂಧ ಎಂದು ಮಕ್ಕಳಿಗೆ ಆಗ ತಿಳಿಯುತ್ತದೆ.

ಆದರೆ ನಿಮ್ಮ ಶಾಲೆಯ ನಲ್ಲಿಯಲ್ಲಿ ಆ ದಿನ ನೀರೇ ಇರಲಿಲ್ಲ ಎಂದು ಓದಿ ಬೇಜಾರಾಯಿತು. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ಎಂದು ಒಣ ನಲ್ಲಿಯ ಮುಂದೆ ಹೇಳಿದರೆ ಮಕ್ಕಳು ಏನು ಕಲಿಯುತ್ತಾರೆ? ಸ್ವಯಂಸೇವಕರು ಮೊದಲು ನಲ್ಲಿ, ಶೌಚಾಲಯದ ಚಿಲಕ, ಪ್ಯಾಡ್ ಹಾಕುವ ಬುಟ್ಟಿ ನೋಡಲಿ. ಇಲ್ಲದ್ದನ್ನು ಬರೆದು ಗ್ರಾಮ ಪಂಚಾಯಿತಿಗೆ ಕೊಡಲಿ. ನನ್ನ ಪ್ರಕಾರ ಅದು ಭಾಷಣಕ್ಕಿಂತ ದೊಡ್ಡ ಕೆಲಸ.

ಪೋಷಕರ ಆತಂಕವನ್ನೂ ತಳ್ಳಿಹಾಕಬೇಡಿ. ಹತ್ತೊಂಬತ್ತು ವರ್ಷದವರಿಗೆ ಎಲ್ಲ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಅನ್ನುವುದನ್ನು ಅವರಿಗೆ ಮೊದಲೇ ಕಲಿಸಬೇಕು. ಕೇಳುವುದಕ್ಕೆ ಉಪಕೇಂದ್ರದ ಆರೋಗ್ಯ ಸಹಾಯಕಿ ಇದ್ದಾರೆ, ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳೂ ಇವೆ. ಯಾವುದಾದರೂ ಮಗು ಮನೆಯಲ್ಲೋ ಹೊರಗೋ ಆದ ದೌರ್ಜನ್ಯ ಹೇಳಿಕೊಂಡರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ನಿಮಗೆ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಇಷ್ಟು ತಯಾರಿ ಇಲ್ಲದವರನ್ನು ತರಗತಿಗೆ ಬಿಡಬೇಡಿ.

ಮುಟ್ಟಿನ ವಿಷಯ ಬಂದಾಗ ಹುಡುಗರನ್ನು ಆಟಕ್ಕೆ ಕಳಿಸಿದಿರಿ. ಹುಡುಗಿಯರು ಬಿಡುಬೀಸಾಗಿ ಮಾತಾಡಲಿ ಎಂಬ ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಇನ್ನೊಂದು ದಿನ ಅವರಿಗೂ ಹೇಳಿಸಿ. ಲಂಗದ ಕಲೆ ನೋಡಿ ನಗುವವರು ಆ ಹುಡುಗರೇ ಅಲ್ವಾ?

ಇನ್ನೊಂದು ಮಾತು. 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಏಳು ದಿನದ ಶಿಬಿರ ಒಂದು ಭಾಗ ಮಾತ್ರ. ಎರಡು ವರ್ಷಕ್ಕೆ 240 ಗಂಟೆ ಸೇವೆ ಬೇರೆಯೇ ಇದೆ. ಬ್ಯಾನರ್ ಕಟ್ಟಿ, ಫೋಟೋ ತೆಗೆದು ಹೋದರೆ ಸಾಲದು. ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಗೆ ಈಗಲೇ ಪತ್ರ ಬರೆಯಿರಿ. ತಿಂಗಳಿಗೊಂದು ಶನಿವಾರ ಅದೇ ಹುಡುಗ ಹುಡುಗಿಯರನ್ನು ಕಳಿಸಲು ಕೇಳಿ. ಮೊದಲ ಸಲ ಅವರು ಪೋಷಕರ ಸಭೆಗೇ ಬರಲಿ. ಆರೋಗ್ಯ ಸಹಾಯಕಿಯೂ ಜೊತೆಗಿರಲಿ. ಮಕ್ಕಳಿಗೆ ಏನು ಹೇಳುತ್ತೇವೆ ಎಂಬುದನ್ನು ಅಪ್ಪ ಅಮ್ಮಂದಿರ ಮುಂದೆಯೇ ಹೇಳಲಿ.

— ಸಂಪಾದಕ